ಗೆರೆಯ ಹೊರಗೋಡೆಯಲ್ಲಿ ಉಳಿದ ದನಿ

ರೆಕಾರ್ಡ್ ಪ್ಲೇಯರನ್ನು ತೊಡೆಯ ಮೇಲೆ ಇಟ್ಟುಕೊಂಡು ಬಸ್ಸು ಹತ್ತಿದರೆ ಕಂಡಕ್ಟರುಗಳೆಲ್ಲ ಹೇಳುವ ಮಾತು ಒಂದೇ: "ಲಗೇಜು ಕೆಳಗಿಡಿ ಮೇಡಂ." ಕೆಳಗಿಟ್ಟರೆ ಅದರ ತೋಳಿನ ಬೇರಿಂಗು ಕುಲುಕಿ ಹಾಳಾಗುತ್ತದೆ ಎಂದು ವಿವರಿಸುವ ತ್ರಾಣ ಆ ಬೇಸಗೆಯಲ್ಲಿ ನನಗಿರಲಿಲ್ಲ. ಸುಮ್ಮನೆ ತಬ್ಬಿಕೊಂಡು ಕೂತಿರುತ್ತಿದ್ದೆ. ಮಂಡ್ಯದಿಂದ ಮದ್ದೂರು, ಅಲ್ಲಿ ಇಳಿದು ಮಳವಳ್ಳಿ ಬಸ್ಸು, ಮಳವಳ್ಳಿಯಲ್ಲಿ ಇಳಿದು ಹಲಗೂರು ಬಸ್ಸು. ಪ್ರತಿ ಸಲ ಇಳಿದು ಹತ್ತುವಾಗಲೂ ಸೊಂಟ ತನ್ನ ಮಾತು ತಾನು ಹೇಳುತ್ತಿತ್ತು.

ನನ್ನ ಕೆಲಸ ಹಳೆಯ ಪ್ಲೇಯರುಗಳ ರಿಪೇರಿ, ಜೊತೆಗೆ ಹಳೆಯ ಗ್ರಾಮಾಫೋನ್ ಪ್ಲೇಟುಗಳ ಹಾಡನ್ನು ಕಂಪ್ಯೂಟರಿಗೆ ಇಳಿಸಿಕೊಡುವುದು. ಸಾಮಾನ್ಯವಾಗಿ ಪ್ಲೇಟುಗಳೇ ಮಂಡ್ಯದ ನನ್ನ ಕೋಣೆಗೆ ಬರುತ್ತವೆ, ನಾನು ಅವುಗಳ ಬಳಿ ಹೋಗುವುದಿಲ್ಲ. ಹಲಗೂರಿನಿಂದ ಫೋನು ಮಾಡಿದ ಹೆಂಗಸಿಗೂ ಹಾಗೆಯೇ ಹೇಳಿದೆ.

"ಪ್ಲೇಟು ಮನೆ ಬುಟ್ಟು ಬರಾಕಿಲ್ಲ ಕಣಮ್ಮ," ಎಂದಳು ಆಕೆ. "ಒಂದ್ಸಲ ಮದ್ದೂರ್ಗೆ ಓಗಿದ್ದು ವರ್ಸಾನುಗಟ್ಲೆ ವಾಪಸ್ ಬರ್ನಿಲ್ಲ. ನೀನೇ ಬಾ. ಊಟ ತಿಂಡಿ ನಮ್ಮನೇಲೆ ಆಯ್ತದೆ."

ಆಕೆಯ ತಾಯಿ ಸೋಬಾನೆ ಹಾಡುಗಾರ್ತಿ. ವಯಸ್ಸಿನಲ್ಲಿದ್ದಾಗ ಯಾವುದೋ ಕಂಪನಿಯವರು ಬಂದು, ಆಕೆಯನ್ನೂ ಆಕೆಯ ಜೊತೆಯ ಹೆಂಗಸರನ್ನೂ ವ್ಯಾನಿನಲ್ಲಿ ಕರೆದುಕೊಂಡು ಹೋಗಿ ಅರಿಶಿನದ ಹಾಡನ್ನು ಹಾಡಿಸಿ, ಗೇಣಗಲದ ಒಂದು ಸಣ್ಣ ಪ್ಲೇಟು ಮಾಡಿದ್ದರು. ಸುತ್ತಲಿನ ಊರುಗಳಲ್ಲಿ ಈಗ ಉಳಿದಿರುವುದು ಈ ಮನೆಯ ಪ್ರತಿಯೊಂದೇ. ಹೋದ ವರ್ಷ ಹಾಡುಗಾರ್ತಿಗೆ ಗಂಟಲಿನ ಆಪರೇಷನ್ನು ಆಯಿತು. ಜೀವ ಉಳಿಯಿತು, ದನಿ ಹೋಯಿತು. ಈಗ ಮೊಮ್ಮಗಳ ಮದುವೆ. ಅರಿಶಿನ ಹಚ್ಚುವಾಗ ಅಜ್ಜಿಯ ಹಾಡು ಬೇಕು, ಅದು ಆ ಪ್ಲೇಟಿನಲ್ಲಿ ಮಾತ್ರ ಇದೆ. ಪ್ಲೇಟನ್ನು ಹಾಕಿದರೆ ಬರೀ ಕೊರಕೊರ. ಮಗಳು ಇಷ್ಟನ್ನೂ ಒಂದೇ ಉಸಿರಿನಲ್ಲಿ ಹೇಳಿ, "ಬತ್ತೀಯ ತಾನೆ?" ಎಂದಳು. ಬರುತ್ತೇನೆ ಎಂದೆ.

ಹಾಡುಗಾರ್ತಿ ಬಾಗಿಲಲ್ಲೇ ಕೂತಿದ್ದರು. ಕತ್ತಿಗೆ ತೆಳ್ಳನೆಯ ಹತ್ತಿಯ ಬಟ್ಟೆ ಸುತ್ತಿಕೊಂಡಿದ್ದರು. ಮಾತಾಡಬೇಕಾದಾಗ ಆ ಬಟ್ಟೆಯ ಮೇಲೆ ಎರಡು ಬೆರಳು ಒತ್ತಿ ಹಿಡಿಯುತ್ತಿದ್ದರು. ಬರುತ್ತಿದ್ದುದು ದನಿಯಲ್ಲ, ಗಾಳಿ. ಹತ್ತಿರ ಕೂತರೆ ಮಾತ್ರ ಅರ್ಥವಾಗುತ್ತಿತ್ತು.

ನಡುಮನೆಯ ಕೆಂಪು ನೆಲದ ಮೇಲೆ ಪ್ಲೇಯರು ಇಟ್ಟು, ತೋಳಿನ ತೂಕ ಸರಿಮಾಡಿ, ಪ್ಲೇಟನ್ನು ಒರೆಸಿ ಹಾಕಿದೆ. ಮುಳ್ಳು ಇಳಿಯಿತು. ಮೊದಲು ಹೆಂಗಸರ ಗುಂಪಿನ ದನಿ ಕೇಳಿಸಿತು, ಸವೆದಿದ್ದರೂ ಪರವಾಗಿಲ್ಲ ಎನ್ನುವಷ್ಟು. ಸೋಬಾನೆಯಲ್ಲಿ ಒಬ್ಬಳು ಮುಂದೆ ಒಂದು ಸೊಲ್ಲು ಹೇಳುತ್ತಾಳೆ, ಉಳಿದವರು ಅದನ್ನೇ ಎತ್ತಿಕೊಳ್ಳುತ್ತಾರೆ. ಎತ್ತಿಕೊಳ್ಳುವವರು ಚೆನ್ನಾಗಿಯೇ ಕೇಳಿಸುತ್ತಿದ್ದರು. ಮುಂದಾಳಿನ ಸೊಲ್ಲು ಬಂದಾಗಲೆಲ್ಲ ಹರಿದ ತಗಡನ್ನು ಎಳೆದಂಥ ಸದ್ದು. ಅದಕ್ಕೆ ಕಾರಣ ನನಗೆ ಗೊತ್ತಿತ್ತು. ಮುಂದಾಳಿನ ದನಿ, ಅಂದರೆ ಈ ಹಾಡುಗಾರ್ತಿಯದು, ಎತ್ತರದ್ದು, ಜೋರಿನದು. ಜೋರಿನ ಜಾಗದಲ್ಲಿ ಪ್ಲೇಟಿನಲ್ಲಿ ಕೊರೆದ ಗೆರೆ ಹೆಚ್ಚು ಹೊಯ್ದಾಡುತ್ತದೆ, ಸವೆಯುವುದೂ ಅಲ್ಲೇ ಹೆಚ್ಚು.

ಹಾಡುಗಾರ್ತಿ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಬೆರಳು ಒತ್ತಿಕೊಂಡು ಹೇಳಿದರು: "ಎಲ್ಲಾರ್ದೂ ಕೇಳುಸ್ತದೆ. ನಂದೊಂದೇ ಇಲ್ವಲ್ಲವ್ವ."

ದೇಹದಿಂದ ಹೋದದ್ದು ಪ್ಲೇಟಿನಿಂದಲೂ ಹೋಗಿದೆ ಎಂದು ಅವರ ಮುಖಕ್ಕೇ ತೋರಿಸಲು ನಾನು ಇಷ್ಟು ದೂರ ಬಂದ ಹಾಗಾಯಿತು.

ಇಲ್ಲಿ ನನ್ನ ಕಸುಬಿನ ಒಂದು ವಿಷಯ ಹೇಳಬೇಕು. ಪ್ಲೇಟು ತಿರುಗುವಾಗ ಮುಳ್ಳನ್ನು ಹಿಡಿದ ತೋಳು ತಾನಾಗಿಯೇ ಪ್ಲೇಟಿನ ನಡುವಿನ ಕಡೆಗೆ ಜಗ್ಗುತ್ತದೆ. ತೋಳಿನ ತಲೆಯನ್ನು ಓರೆಯಾಗಿ ಕೂರಿಸಿರುತ್ತಾರೆ, ಗೆರೆಯ ಉಜ್ಜಾಟ ಆ ಓರೆಯನ್ನು ಹಿಡಿದು ಒಳಕ್ಕೆ ಎಳೆಯುತ್ತದೆ. ಹಾಗೆ ಜಗ್ಗಿದಾಗ ಮುಳ್ಳು ಗೆರೆಯ ಒಳಗೋಡೆಯ ಮೇಲೆ ಒರಗಿ ನಡೆಯುತ್ತದೆ, ಹೊರಗೋಡೆಯನ್ನು ಸರಿಯಾಗಿ ಮುಟ್ಟುವುದಿಲ್ಲ. ಇದನ್ನು ತಡೆಯಲು ತೋಳನ್ನು ಹೊರಕ್ಕೆ ಒಂದಿಷ್ಟೇ ಎಳೆದು ಹಿಡಿಯುವ ಸಣ್ಣ ಏರ್ಪಾಡು ಇರುತ್ತದೆ. ಕೆಲವುಗಳಲ್ಲಿ ಸ್ಪ್ರಿಂಗು, ಕೆಲವುಗಳಲ್ಲಿ ದಾರಕ್ಕೆ ಕಟ್ಟಿದ ಪುಟ್ಟ ತೂಕ. ಆಂಟಿಸ್ಕೇಟ್ ಅನ್ನುತ್ತಾರೆ. ಹಾಲು ಕರೆಯುವಾಗ ಕರುವಿನ ಹಗ್ಗ ಹಿಡಿದು ನಿಲ್ಲುವುದಿಲ್ಲವೇ, ಅಂಥದೇ ಕೆಲಸ. ಕರು ತಾಯಿಯ ಕಡೆಗೆ ಜಗ್ಗುತ್ತದೆ. ಹಗ್ಗ ಸಡಿಲ ಬಿಟ್ಟರೆ ಕೆಚ್ಚಲಿಗೆ ನುಗ್ಗುತ್ತದೆ, ಜೋರಾಗಿ ಎಳೆದರೆ ಹಿಂದಕ್ಕೆ ಬೀಳುತ್ತದೆ.

ನಾನು ಮಂಡ್ಯದಲ್ಲೇ ಎಲ್ಲ ಸರಿಮಾಡಿಕೊಂಡು ಬಂದಿದ್ದೆ. ಗೆರೆಯಿಲ್ಲದ ನುಣುಪು ಪ್ಲೇಟಿನ ಮೇಲೆ ಮುಳ್ಳು ಇಳಿಸಿ, ತೋಳು ಆಚೀಚೆ ಹೋಗದೆ ನಿಲ್ಲುವ ತನಕ ಆಂಟಿಸ್ಕೇಟಿನ ಗುಬುಟು ತಿರುಗಿಸಿದ್ದೆ. ಹಲಗೂರಿನಲ್ಲಿ ಅದೇ ನುಣುಪು ಪ್ಲೇಟು ಹಾಕಿದರೆ ತೋಳು ಜರ್ರನೆ ನಡುವಿಗೆ ಓಡಿತು. ಬೇರಿಂಗು ಹೋಯಿತೆಂದು ಕಂಡಕ್ಟರುಗಳನ್ನೆಲ್ಲ ಮನಸ್ಸಿನಲ್ಲೇ ಬೈದುಕೊಂಡೆ. ತೋಳು ಬಿಚ್ಚಿ ನೋಡಿದೆ, ಬೇರಿಂಗು ಚೆನ್ನಾಗಿಯೇ ಇತ್ತು. ಸೊಂಟ ಹಿಡಿದುಕೊಂಡು ಗೋಡೆಗೆ ಒರಗಿ ಕೂತೆ.

ಅಷ್ಟರಲ್ಲಿ ಮಗಳು ನಡುಮನೆ ತೊಳೆಯಲು ಬಿಂದಿಗೆ ತಂದಳು. "ಏಳಮ್ಮ, ನಿನ್ ಸಾಮಾನು ಎತ್ಕೊ, ನೀರಾಕ್ಬೇಕು," ಎಂದಳು. ಆಕೆ ಸುರಿದ ನೀರು ಯಾರ ಹಂಗೂ ಇಲ್ಲದೆ ಬಚ್ಚಲ ಕಡೆಗೆ ಹರಿದು ಹೋಯಿತು. ಈ ಕಡೆಯ ಮನೆಗಳ ನೆಲವನ್ನು ತೊಳೆದ ನೀರು ನಿಲ್ಲದಿರಲಿ ಎಂದು ಬಚ್ಚಲಿಗೆ ಇಳಿಜಾರು ಕೊಟ್ಟೇ ಹಾಕುತ್ತಾರೆ. ನನ್ನ ತಾಯಿಯ ಮನೆಯಲ್ಲೂ ಹಾಗೇ ಇತ್ತು. ಬಸ್ಸಿನ ಆಯಾಸಕ್ಕೆ, ನೆಲ ಸಮವಿದೆಯೇ ಎಂದು ಮಟ್ಟದ ಕೊಳವೆ ಇಟ್ಟು ನೋಡುವುದನ್ನೇ ಮರೆತಿದ್ದೆ. ಪ್ಲೇಯರೇ ಬಚ್ಚಲಿನ ಕಡೆಗೆ ವಾಲಿತ್ತು, ತೋಳು ಪಾಪ ಏನು ಮಾಡೀತು?

ಹೆಂಚಿನ ಚೂರು, ಮಡಿಸಿದ ರಟ್ಟು ಕೊಟ್ಟು ಮಟ್ಟ ಮಾಡಿದೆ. ಮತ್ತೆ ಹಾಕಿದೆ. ಕೊರಕೊರ ಕಡಿಮೆಯಾಯಿತು, ಆದರೆ ಮುಂದಾಳಿನ ಸೊಲ್ಲು ಹಾಗೆಯೇ ತಗಡಿನ ಸದ್ದಾಗಿ ಉಳಿಯಿತು. ಮತ್ತೆರಡು ಸಲ ಮಂಡ್ಯದಿಂದ ಬಂದು ಬೇರೆ ಮುಳ್ಳು ಹಾಕಿ ನೋಡಿದೆ. ಪ್ಲೇಟನ್ನು ನಿಧಾನದ ವೇಗದಲ್ಲಿ ಓಡಿಸಿ ನೋಡಿದೆ. ನಿಧಾನವಾಗಿ ಓಡಿದರೆ ಮುಳ್ಳಿಗೆ ತಿರುವುಗಳು ಸುಲಭವಾಗುತ್ತವೆ, ವೇಗವನ್ನು ಆಮೇಲೆ ಕಂಪ್ಯೂಟರಿನಲ್ಲಿ ಸರಿಮಾಡಬಹುದು. ಹೆಂಗಸರ ದನಿಯೆಲ್ಲ ದಪ್ಪಗೆ, ಗಂಡಸರಂತೆ ಬಂತು.

"ಅವ್ವೋ, ನಿನ್ ಕಡೆ ಎಂಗುಸ್ರೆಲ್ಲ ಮೀಸೆ ಬುಟ್ಕಂಡವ್ರೆ ನೋಡು!" ಎಂದಳು ಮಗಳು. ಹಾಡುಗಾರ್ತಿ ಸದ್ದಿಲ್ಲದೆ ನಕ್ಕರು, ಭುಜಗಳು ಮಾತ್ರ ಕುಲುಕಿದವು. ಆ ಮನೆಯಲ್ಲಿ ಮೊದಲ ಬಾರಿ ಅವರು ನಕ್ಕಿದ್ದನ್ನು ನೋಡಿದೆ.

ನನಗೆ ನಗು ಬರಲಿಲ್ಲ. ಪ್ರತಿ ಸಲ ಮುಳ್ಳು ಇಳಿದಾಗಲೂ ಸವೆದ ಪ್ಲೇಟು ಇನ್ನಷ್ಟು ಸವೆಯುತ್ತದೆ. ಉಳಿದಿರುವುದನ್ನು ಹುಡುಕುವ ನೆಪದಲ್ಲಿ ಉಳಿದದ್ದನ್ನೂ ನಾನೇ ಕೆರೆದು ತೆಗೆಯುತ್ತಿದ್ದೆ. ಇನ್ನು ಗೊತ್ತುಗುರಿಯಿಲ್ಲದೆ ಹಾಕುವುದಿಲ್ಲ ಎಂದು ಹೇಳಿ, ಪ್ಲೇಯರು ಕಟ್ಟಿಕೊಂಡು ಹೊರಟೆ. ಮಗಳ ಮುಖ ಸಪ್ಪಗಾಯಿತು. "ಆಗಾಕಿಲ್ಲ ಅನ್ನಂಗಿದ್ರೆ ಈಗ್ಲೇ ಅಂದ್ಬುಡು. ಅವ್ವ ದಿನಾ ಬಾಗ್ಲಲ್ಲಿ ಕುಂತ್ಕಂಡು ನಿನ್ ದಾರಿ ನೋಡ್ತದೆ," ಎಂದಳು. ಬಸ್ಸಿನಲ್ಲಿ ಕೂತಾಗ, ಕೈಬಿಟ್ಟುಬಿಡೋಣ ಎಂದು ನಿಜವಾಗಿಯೂ ಅನ್ನಿಸಿತು. ನನ್ನ ವಯಸ್ಸಿಗೆ ಇದೆಲ್ಲ ಬೇಕಿತ್ತಾ ಎಂದುಕೊಂಡೆ.

ಮದ್ದೂರಿನಲ್ಲಿ ಮಂಡ್ಯದ ಬಸ್ಸು ತಡ. ಆ ಪ್ಲೇಟನ್ನು ವರ್ಷಾನುಗಟ್ಟಲೆ ಇಟ್ಟುಕೊಂಡಿದ್ದ ಮೈಕ್‌ಸೆಟ್ಟಿನ ಯಜಮಾನರ ಮನೆ ಬಸ್‌ಸ್ಟ್ಯಾಂಡಿಗೆ ಹತ್ತಿರ ಎಂದು ಮಗಳು ಹೇಳಿದ್ದಳು. ವಿಚಾರಿಸಿಕೊಂಡು ಹೋದೆ. ಹಿಂದೆ ಸುತ್ತಲಿನ ಮದುವೆಗಳಿಗೆಲ್ಲ ಸ್ಪೀಕರು, ಪ್ಲೇಟು ಒದಗಿಸುತ್ತಿದ್ದವರು. ಈಗ ಜಗುಲಿಯ ಮೇಲೆ ಕೂತು ಹೋಗಿಬರುವವರನ್ನು ಕರೆದು ಮಾತಾಡಿಸುವುದೇ ಅವರ ಕೆಲಸ. ಪ್ಲೇಟಿನ ಹೆಸರೆತ್ತಿದ ತಕ್ಷಣ ನೆಟ್ಟಗೆ ಕೂತರು.

"ಅದ್ನ ಆಕದ ಮದ್ವೆ ಉಂಟಾ? ಅರಿಸ್ನ ಅಂದ್ರೆ ಅದೇಯ. ವಾಪಸ್ ಕೊಡಾಕೇ ಮನ್ಸಿರ್ನಿಲ್ಲ ಕಣಮ್ಮ ನಂಗೆ."

"ಮುಳ್ಳು ಹಾರುತ್ತಿರಲಿಲ್ಲವಾ, ಚಪ್ಪರದಲ್ಲಿ ಅಷ್ಟು ಜನ ಓಡಾಡುವಾಗ?" ಎಂದೆ.

"ಆರಾಕೆ ಬುಡ್ತೀವಾ? ತಲೆ ಮೇಲೆ ನಾಲ್ಕಾಣೆ ಮಡಗ್ಬುಡದು. ಕುಣ್ಯೋರು ಜಾಸ್ತಿ ಇದ್ರೆ ಎಂಟಾಣೆ. ಗುಂಡಿಗೆ ಬಿದ್ದ ಎತ್ತು ನಿಂತಂಗೆ ನಿಂತ್ಕತದೆ." ಹೆಮ್ಮೆಯಿಂದಲೇ ಹೇಳಿದರು. ನಾಣ್ಯ ಜಾರದಿರಲೆಂದು ಕೆಳಗೆ ಒಂದಿಷ್ಟು ಮೇಣ ಅಂಟಿಸುತ್ತಿದ್ದರಂತೆ. ಅವರ ಪ್ಲೇಯರಿನಲ್ಲಿ ತೋಳನ್ನು ಹೊರಕ್ಕೆ ಹಿಡಿಯುವ ಏರ್ಪಾಡು ಇತ್ತೇ ಎಂದು ಕೇಳಿದೆ. "ಅದೇನೋ ದಾರ ನೇತಾಡ್ತಿತ್ತು. ಕೈಗೆ ಸಿಕ್ಕಾಕ್ಕತದೆ ಅಂತ ಕಿತ್ತಾಕ್ಬುಟ್ಟೆ," ಎಂದರು.

ಅವರು ಕಾಫಿ ತರಿಸಿದರು. ಕುಡಿಯುತ್ತ ಕೂತಾಗ ನನಗೆ ಮೆಲ್ಲಗೆ ಹೊಳೆಯಿತು. ದಾರ ಕಿತ್ತ ತೋಳು, ಅದರ ತಲೆಯ ಮೇಲೆ ನಾಣ್ಯದ ಭಾರ, ಮದುವೆಯಿಂದ ಮದುವೆಗೆ. ಆ ಮುಳ್ಳು ಅಷ್ಟು ವರ್ಷವೂ ತನ್ನ ಭಾರವನ್ನೆಲ್ಲ ಒಳಗೋಡೆಯ ಮೇಲೆ ಹಾಕಿ ಉತ್ತುಕೊಂಡು ಹೋಗಿದೆ. ಹಾಗಾದರೆ ಹೊರಗೋಡೆಗೆ ಅಷ್ಟು ಪೆಟ್ಟು ಬಿದ್ದಿರಲಾರದು. ಈ ಪ್ಲೇಟು ಮೋನೋ ಕಾಲದ್ದು, ಎರಡು ಗೋಡೆಯಲ್ಲೂ ಕೊರೆದಿರುವುದು ಒಂದೇ ಹಾಡು. ನನ್ನ ಈಗಿನ ಮುಳ್ಳು ಎರಡೂ ಗೋಡೆಯ ದನಿಯನ್ನು ಬೇರೆಬೇರೆಯಾಗಿ ಎತ್ತಿಕೊಡುತ್ತದೆ. ನಾನು ಇಲ್ಲಿಯ ತನಕ ಎರಡು ಗೋಡೆಗೂ ಸಮವಾಗಿ ಮುಳ್ಳು ತಾಗಲಿ ಎಂದು ಒದ್ದಾಡಿ, ಒಳ್ಳೆಯ ಗೋಡೆಯ ಹಾಡಿಗೆ ಕೆಟ್ಟ ಗೋಡೆಯ ಹಾಡನ್ನು ನಾನೇ ಬೆರೆಸುತ್ತಿದ್ದೆ. ಪುಸ್ತಕದಲ್ಲಿ ಹೇಳಿದ ಸಮತೋಲ ಇಲ್ಲಿ ಬೇಡ. ತೋಳನ್ನು ಬೇಕೆಂದೇ ಹೊರಕ್ಕೆ ಜಾಸ್ತಿ ಎಳೆದು, ಮುಳ್ಳನ್ನು ಹೊರಗೋಡೆಗೆ ಒರಗಿಸಿ, ಆ ಗೋಡೆಯ ದನಿಯನ್ನಷ್ಟೇ ಇಟ್ಟುಕೊಂಡು ಇನ್ನೊಂದನ್ನು ಬಿಸಾಡಬೇಕು. ಕಲಿತದ್ದಕ್ಕೆ ವಿರುದ್ಧವಾಗಿ ಗುಬುಟು ತಿರುಗಿಸಲು ಈ ಕೈ ಒಪ್ಪುವುದು ಕಷ್ಟ. ಆದರೂ ಹಾಗೇ ಮಾಡುವುದೆಂದು ಅಲ್ಲೇ ತೀರ್ಮಾನಿಸಿದೆ.

ಮಂಡ್ಯದಲ್ಲಿ ಒಂದು ಕೆಲಸಕ್ಕೆ ಬಾರದ ಪ್ಲೇಟಿನ ಮೇಲೆ ಪ್ರಯೋಗ ಮಾಡಿದೆ. ಗುಬುಟನ್ನು ಕೊನೆಯ ಅಂಕಿಯ ತನಕ ತಿರುಗಿಸಿದರೂ ಎಳೆತ ಸಾಲಲಿಲ್ಲ. ಶಿಂಷಾ ಹೊಳೆಯಲ್ಲಿ ಮೀನು ಹಿಡಿಯುವವರು ಗಾಳಕ್ಕೆ ಕಟ್ಟುವ ಸೀಸದ ಗುಂಡುಗಳನ್ನು ಸಂತೆಯಿಂದ ತಂದು, ಚಾಕುವಿನಲ್ಲಿ ಕೆತ್ತಿ ಹಗುರ ಮಾಡಿ, ನೈಲಾನ್ ಎಳೆಯಿಂದ ತೋಳಿಗೆ ಕಟ್ಟಿ, ಬಾಗಿಸಿದ ಸೂಜಿಯ ಮೇಲಿಂದ ಇಳಿಬಿಟ್ಟೆ. ಮೊದಲ ಗುಂಡಿಗೆ ಮುಳ್ಳು ಹಿಂದಿನ ಗೆರೆಗೆ ಎಗರಿ, ಹಾಡಿದ್ದನ್ನೇ ಹಾಡತೊಡಗಿತು. ಇನ್ನಷ್ಟು ಕೆತ್ತಿದೆ. ಕೆತ್ತುವುದು, ಕಟ್ಟುವುದು, ಕೇಳುವುದು, ಬಿಚ್ಚುವುದು. ನಡುವೆ ಕರೆಂಟು ಹೋಗುವುದು. ಕಿವಿಯೂ ದಣಿಯುತ್ತದೆ ಎನ್ನುವುದು ಈ ಕೆಲಸ ಮಾಡದವರಿಗೆ ಗೊತ್ತಾಗುವುದಿಲ್ಲ. ದಣಿದ ಕಿವಿಗೆ ಒಳ್ಳೆಯದೂ ಕೆಟ್ಟದ್ದೂ ಒಂದೇ ಥರ ಕೇಳಿಸುತ್ತದೆ. ಎಷ್ಟೋ ಸಲ ಎಲ್ಲ ಆರಿಸಿ, ನೆಲದ ಮೇಲೆ ಸುಮ್ಮನೆ ಮಲಗಿ ಫ್ಯಾನು ನೋಡುತ್ತಿದ್ದೆ. ಕಡೆಗೂ ಎಗರದೆ, ಆದರೆ ಹೊರಗೋಡೆಯನ್ನು ಬಿಡದೆ ನಡೆಸುವ ಒಂದು ಚೂರು ಸೀಸ ಸಿಕ್ಕಿತು. ಅದನ್ನು ಹತ್ತಿಯಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟುಕೊಂಡು ಹಲಗೂರಿಗೆ ಹೊರಟೆ.

ಮದುವೆ ಹತ್ತಿರ ಬಂದಿತ್ತು. ಮನೆಗೆ ಸುಣ್ಣ ಬಳಿಯುತ್ತಿದ್ದರು. ನಾನು ದಾರ ಕಟ್ಟಿ ಸೀಸ ಇಳಿಬಿಡುವುದನ್ನು ನೋಡಿ ಮಗಳು ಪ್ಲೇಟಿಗೆ ಕೈ ಅಡ್ಡ ಹಿಡಿದಳು.

"ಇದೇನಮ್ಮ ಗಾಳದ ಗುಂಡು ಕಟ್ಟೀಯೆ? ಇರೋದೂ ಓದ್ರೆ ಏನ್ ಗತಿ?"

"ಹೋದರೂ ಹೋಗಬಹುದು," ಎಂದೆ. ಸುಳ್ಳು ಹೇಳುವ ಶಕ್ತಿ ಉಳಿದಿರಲಿಲ್ಲ. "ಒಂದೇ ಸಲ ಹಾಕ್ತೀನಿ. ಬಂದರೆ ಇದರಲ್ಲೇ ಬರಬೇಕು."

ಮಗಳು ತಾಯಿಯ ಮುಖ ನೋಡಿದಳು. ಹಾಡುಗಾರ್ತಿ ಬೆರಳು ಒತ್ತಿಕೊಂಡರು. "ಆಕ್ಲಿ ಬುಡು. ಗೂಡಲ್ಲಿ ಮಡಿಕಂಡು ಪೂಜೆ ಮಾಡಾಕೇನು ಆಡುದ್ನಾ ನಾನು?"

ನಿಧಾನದ ವೇಗದಲ್ಲಿ, ಬಾಗಿಲು ಹಾಕಿ, ಒಳಗೆ ಯಾರೂ ಓಡಾಡದಂತೆ ಮಾಡಿ ಮುಳ್ಳು ಇಳಿಸಿದೆ. ತೋಳು ಹೊರಕ್ಕೆ ಒಮ್ಮೆ ನಡುಗಿ ಗೆರೆಯನ್ನು ಹಿಡಿಯಿತು. ಪಕ್ಕದಲ್ಲಿ ಕಂಪ್ಯೂಟರು ಹಾಡನ್ನು ಇಳಿಸಿಕೊಳ್ಳುತ್ತಿತ್ತು. ಹಾಡು ಮುಗಿಯುವ ಹೊತ್ತಿಗೆ, ಪ್ಲೇಟಿನ ನಡುವಿನ ಬಳಿ, ಟಪ್ಪೆಂದು ಒಂದು ಸದ್ದಾಗಿ ಮುಳ್ಳು ಮುಂದಕ್ಕೆ ಹಾರಿತು. ಮತ್ತೆ ಗೆರೆ ಹಿಡಿದು ಕೊನೆಯವರೆಗೆ ಓಡಿತು. ಟಾರ್ಚು ಬಿಟ್ಟು ನೋಡಿದೆ. ಅಲ್ಲಿ ನಾಣ್ಯದ ಭಾರಕ್ಕೆ ಮೈಕ್‌ಸೆಟ್ಟಿನ ಮುಳ್ಳು ಎರಡೂ ಗೋಡೆಯನ್ನು ಕಿತ್ತು, ಮುಂದಿನ ಗೆರೆಗೆ ದಾರಿ ಸೀಳಿತ್ತು. ಅದು ಹಳೆಯ ಗಾಯ. ಯಾವ ಸೀಸದಿಂದಲೂ ಅದು ವಾಸಿಯಾಗುವಂತಿರಲಿಲ್ಲ.

ಕಂಪ್ಯೂಟರಿನಲ್ಲಿ ಒಳಗೋಡೆಯ ದನಿಯನ್ನು ಅಳಿಸಿದೆ. ವೇಗ ಸರಿಮಾಡಿದೆ. ಮೊದಲು ನಾನೇ ಕೇಳಿದೆ. ತಗಡಿನ ಸದ್ದು ಇದ್ದ ಜಾಗದಲ್ಲಿ ಒಬ್ಬ ಹೆಂಗಸು ಹಾಡುತ್ತಿದ್ದಳು. ತೀರಾ ಸ್ವಚ್ಛವಲ್ಲ, ಮಳೆಯ ಸದ್ದಿನಂಥದು ಹಿಂದೆ ಇದ್ದೇ ಇತ್ತು. ಆದರೆ ದನಿ ಇತ್ತು. ಅಗಲವಾದ, ಸ್ವಲ್ಪ ಜಂಬದ, ಯಾರಿಗೂ ಹೆದರದ ದನಿ. ಅದು ಎದುರಿಗೆ ಕೂತಿದ್ದ ಈ ಮೆಲುವಾದ ಜೀವದ್ದು ಎಂದು ನಂಬಲು ನನಗೆ ಕೊಂಚ ಹೊತ್ತು ಬೇಕಾಯಿತು. ನನ್ನ ಕಣ್ಣಲ್ಲಿ ನೀರು ಬಂತು. ಆಯಾಸಕ್ಕೂ ಇರಬಹುದು.

ಹೆಡ್‌ಫೋನನ್ನು ಹಾಡುಗಾರ್ತಿಯ ಕಿವಿಗೆ ಇಟ್ಟೆ. ಅಳುತ್ತಾರೆ ಎಂದುಕೊಂಡಿದ್ದೆ. ಅಳಲಿಲ್ಲ. ಹುಬ್ಬು ಗಂಟಿಕ್ಕಿ ಪೂರ್ತಿ ಕೇಳಿ, ಹೆಡ್‌ಫೋನು ತೆಗೆದು, "ಇಲ್ಲಿ ಅವುಸ್ರ ಮಾಡ್ಬುಟ್ಟಿವ್ನಿ. ಉಸ್ರು ಸಾಲ್ನಿಲ್ಲ," ಎಂದು ತಪ್ಪು ಹುಡುಕಿದರು. ಆಮೇಲೆ ಮಗಳನ್ನು ಹತ್ತಿರ ಕರೆದು ಆಕೆಯ ಕಿವಿಗೆ ತಾವೇ ಇಟ್ಟರು. ಅತ್ತವಳು ಮಗಳು.

ಹಾರಿಹೋದ ಜಾಗದ ವಿಷಯ ಹೇಳಬೇಕಿತ್ತು. ಕೊನೆಯ ಸೊಲ್ಲು, ಮುಂದಾಳು ಹೇಳುವುದು, ಪೂರ್ತಿ ಹೋಗಿದೆ, ಅದನ್ನು ಗುಂಪು ಎತ್ತಿಕೊಂಡದ್ದು ಮಾತ್ರ ಇದೆ ಎಂದೆ. "ಗುಂಪು ಹೇಳಿದ್ದೂ ಅದೇ ಮಾತಲ್ಲವಾ? ಅದನ್ನೇ ಕತ್ತರಿಸಿ ಇಲ್ಲಿಗೂ ಅಂಟಿಸಿಬಿಡ್ತೀನಿ. ಯಾರಿಗೂ ಗೊತ್ತಾಗಲ್ಲ."

ಹಾಡುಗಾರ್ತಿ ತಲೆಯಾಡಿಸಿದರು. ಈ ಸಲ ಬೆರಳನ್ನು ಗಟ್ಟಿಯಾಗಿ ಒತ್ತಿಕೊಂಡರು. "ಬ್ಯಾಡ. ಅದು ಎತ್ಕಳೋರ ಸೊಲ್ಲು. ಮುಂದ್ಲು ಸೊಲ್ಲು ಅವರ ಬಾಯಿಂದ ಬರಕೂಡ್ದು. ಅಷ್ಟು ಜಾಗ ಅಂಗೇ ಬುಡು. ಯಾರಾರ ಏಳ್ಕತಾರೆ."

ತಾಳ ಲೆಕ್ಕ ಹಾಕಿ, ಒಂದು ಸೊಲ್ಲು ಹಿಡಿಯುವಷ್ಟು ಹೊತ್ತು ಮೌನ ಸೇರಿಸಿ, ಆಮೇಲೆ ಗುಂಪಿನ ದನಿ ಬರುವಂತೆ ಜೋಡಿಸಿದೆ.

ಅರಿಶಿನದ ದಿನ ನನ್ನನ್ನೂ ಕರೆದಿದ್ದರು. ಸ್ಪೀಕರಿನ ಪಕ್ಕದಲ್ಲಿ ಕಂಪ್ಯೂಟರು ಇಟ್ಟುಕೊಂಡು ಕೂತೆ. ಮದುಮಗಳನ್ನು ಹಸೆಯ ಮೇಲೆ ಕೂರಿಸಿದರು. ಹಾಡು ಶುರುವಾಯಿತು. ವಯಸ್ಸಾದ ಹೆಂಗಸರು ಒಂದು ಕ್ಷಣ ಕೈ ನಿಲ್ಲಿಸಿ ಹಾಡುಗಾರ್ತಿಯ ಕಡೆಗೆ ನೋಡಿದರು, ಆಮೇಲೆ ತಮಗೇ ಗೊತ್ತಿಲ್ಲದಂತೆ ಎತ್ತಿಕೊಳ್ಳತೊಡಗಿದರು. ಹಣೆಗೆ, ಕೆನ್ನೆಗೆ, ತೋಳಿಗೆ ಎಂದು ಸೊಲ್ಲು ಇಳಿಯುತ್ತ ಬಂದ ಹಾಗೆ ಅರಿಶಿನವೂ ಇಳಿಯುತ್ತ ಬಂತು. ಪಾದದ ಸೊಲ್ಲು ಬಂದಾಗ ಸ್ಪೀಕರು ಸುಮ್ಮನಾಯಿತು.

ಯಾರಾದರೂ ಹೇಳಿಯಾರು ಎಂದು ಕಾದೆ. ಎಲ್ಲರಿಗೂ ಆ ಮಾತು ಬರುತ್ತಿತ್ತು, ತುಟಿಗಳು ತೆರೆದೂ ಇದ್ದವು. ಆದರೆ ಮುಂದಾಳು ಎದುರಿಗೆ ಕೂತಿರುವಾಗ ಆಕೆಯ ಸೊಲ್ಲನ್ನು ಬಾಯಿಗೆ ತಂದುಕೊಳ್ಳಲು ಒಬ್ಬಳೂ ಒಪ್ಪಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅರಿಶಿನದ ಬಟ್ಟಲಿನಲ್ಲಿದ್ದ ಕೈಗಳು ಅಲ್ಲೇ ನಿಂತವು. ಜಾಗ ಬಿಡಬಾರದಿತ್ತು ಎಂದು ನನ್ನನ್ನು ನಾನೇ ಬೈದುಕೊಂಡೆ.

ಆಗ ಹಾಡುಗಾರ್ತಿ ಕತ್ತಿನ ಬಟ್ಟೆಯ ಮೇಲೆ ಎರಡು ಬೆರಳು ಒತ್ತಿಕೊಂಡು ಮೊಮ್ಮಗಳ ಪಾದದ ಕಡೆಗೆ ಬಾಗಿದರು. ಗಾಳಿಯಂಥ ಆ ಉಸಿರಿನಲ್ಲೇ, ರಾಗವಿಲ್ಲದೆ, ತಾಳ ತಪ್ಪದೆ ಹೇಳಿದರು: "ಪಾದಕ್ಕೆ ಅಚ್ಚಿದ ಅರಿಸಿನ ಆರದಂಗಿರಲಿ."

ಅವರು ಮುಗಿಸುತ್ತಿದ್ದಂತೆ ಸ್ಪೀಕರಿನೊಳಗಿನ ಹೆಂಗಸರೆಲ್ಲ, ಇದ್ದವರೂ ಸತ್ತವರೂ ಸೇರಿ, ಆ ಸೊಲ್ಲನ್ನು ಎತ್ತಿಕೊಂಡರು.